ನಮ್ಮ ಪಾರ್ಕಿಂಗಿನಿಂದ ಸೈಕಲ್ ಕೊಂಡೊಯ್ದವರಿಗೆ

ಮಾನ್ಯರೇ,

ತಮ್ಮ ಹೆಸರು, ವಿಳಾಸ ತಿಳಿಯದ್ದರಿಂದ ಈ ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯಬೇಕಾಗಿದೆ. ನ್ಯಾಯವಾಗಿ ತಿಳಿದಿರಬೇಕಿತ್ತು. ಬೆಂಗಳೂರಿನ ಬನಶಂಕರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂಟು ಕ್ಯಾಮೆರಾಗಳಿವೆ. ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಎಂಬ ಫಲಕ ಗೇಟಿನ ಎರಡೂ ಕಂಬಗಳಲ್ಲಿದೆ, ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ. ತಾವು ಯಾವುದನ್ನು ಓದಿದಿರೋ ಕಾಣೆ, ಎರಡನ್ನೂ ನಂಬಲಿಲ್ಲ ಎಂಬುದು ಮಾತ್ರ ಖಚಿತ. ಇಷ್ಟು ವರ್ಷ ಇಲ್ಲೇ ವಾಸವಿರುವ ನಾವು ನಂಬಿಕೊಂಡೇ ಇದ್ದೆವು.

ಇದು ಬೈಯಲು ಬರೆದ ಪತ್ರವಲ್ಲ. ಸೈಕಲ್ ಕಳೆದುಕೊಂಡ ಮೂರನೇ ಮಹಡಿಯ ಪಿಯುಸಿ ಹುಡುಗನಿಗೆ ತಮ್ಮ ಮೇಲೆ ಸಿಟ್ಟಿದೆ, ಅದು ಸಹಜ. ಮಿಕ್ಕ ನಮಗೆಲ್ಲ ತಮ್ಮ ಮೇಲಿರುವುದು ಒಂದು ಬಗೆಯ ಋಣಭಾವ. ವಾಚ್‌ಮನ್ ರೂಮಿನ ಗಣಪತಿ ಪಟದ ಪಕ್ಕ, ಗೂಡಿನೊಳಗೆ, ಕಪ್ಪು ಪೆಟ್ಟಿಗೆಯೊಂದು ಕುಳಿತಿದೆ. ಅದರ ಹೆಸರು ಡಿವಿಆರ್. ಅದಕ್ಕೊಂದು ಟಿವಿ ಜೋಡಿಸಿದೆ, ಟಿವಿಯಲ್ಲಿ ಎಂಟು ಚೌಕ. ಚೌಕಗಳಲ್ಲಿ ಗೇಟು, ಪಾರ್ಕಿಂಗು, ಮೆಟ್ಟಿಲು, ಸಂಪು, ಟೆರೇಸು ಎಲ್ಲ ಹಗಲಿರುಳು ಕಾಣುತ್ತವೆ. ಚಿತ್ರ ಬರುತ್ತಿದೆ, ಆದ್ದರಿಂದ ಕೆಲಸ ಮಾಡುತ್ತಿದೆ ಎಂದು ಹದಿನಾರು ಮನೆಯವರೂ ತಿಳಿದಿದ್ದೆವು. ಆದರೆ ತೋರಿಸುವುದು ಡಿವಿಆರ್‌ನ ಪಾಲಿಗೆ ಬಿಟ್ಟಿ ಸೇವೆ. ಅದನ್ನು ದುಡ್ಡು ಕೊಟ್ಟು ತಂದದ್ದು ಬರೆದಿಟ್ಟುಕೊಳ್ಳಲಿ ಎಂದು. ಬರೆದಿಟ್ಟುಕೊಂಡಿದೆಯೇ ಎಂದು ಯಾರೂ ಯಾವತ್ತೂ ತೆರೆದು ನೋಡಿದ್ದಿಲ್ಲ. ನೋಡಲು ಒಂದು ಕಾರಣ ಬೇಕಲ್ಲ? ಅದನ್ನು ತಾವು ಒದಗಿಸಿದಿರಿ.

ಸೈಕಲ್ ಕಾಣೆಯಾಗಿದೆ ಎಂದು ಗೊತ್ತಾದದ್ದು ಶನಿವಾರ ಬೆಳಿಗ್ಗೆ. ಹುಡುಗ ಸೋಮವಾರದಿಂದ ಅದನ್ನು ಮುಟ್ಟಿರಲಿಲ್ಲ. ಸೆಕ್ರೆಟರಿ ಸಾಹೇಬರು ಮೌಸ್ ಹಿಡಿದು ಡಿವಿಆರ್ ಮುಂದೆ ಕೂತರು, ಹಿಂದೆ ಒಂದು ಸಣ್ಣ ಜಾತ್ರೆ ಸೇರಿತು. ಪ್ಲೇಬ್ಯಾಕ್ ಒತ್ತಿ ಕ್ಯಾಲೆಂಡರಿನಲ್ಲಿ ಸೋಮವಾರ ಆರಿಸಿದರು, ಏನೂ ಇಲ್ಲ. ಮಂಗಳವಾರ, ಬುಧವಾರ, ಇಲ್ಲ. ಹಿಂದಿನ ತಿಂಗಳು, ಇಲ್ಲ. ಹೋದ ವರ್ಷದ ದೀಪಾವಳಿ, ಅದೂ ಇಲ್ಲ. ವಾರ್ಷಿಕ ನಿರ್ವಹಣೆಯ (ಎಎಂಸಿ) ಕಂಪನಿಗೆ ಫೋನು ಹೋಯಿತು. ಆ ಕಡೆಯ ಹುಡುಗ ಅಷ್ಟೂ ದೂರು ಕೇಳಿಸಿಕೊಂಡು, “ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎಂದ. ಮಾಡಿದರು. ಅದುವರೆಗೆ ಚಿತ್ರವಾದರೂ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಕಂಪನಿಯ ಲೋಗೊ ಮೂಡುವುದು, ಪೆಟ್ಟಿಗೆಯೊಳಗೆ ‘ಟಿಕ್’ ಎನ್ನುವುದು, ಪರದೆ ಕಪ್ಪಾಗುವುದು, ಮತ್ತೆ ಲೋಗೊ. ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿಸಿಕೊಳ್ಳುವ ಆ ಕಂಪನಿಯ ಕಡೆಯಿಂದ ಈ ಪ್ರಕರಣದಲ್ಲಿ ದೊರೆತ ತಾಂತ್ರಿಕ ನೆರವು ಅಷ್ಟೇ.

ನಮ್ಮ ಪುಣ್ಯಕ್ಕೆ ಎರಡನೇ ಮಹಡಿಯಲ್ಲಿ ಒಬ್ಬ ಯಜಮಾನರಿದ್ದಾರೆ. ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ಫೋನು ಜೋಡಿಸಿ ನಿವೃತ್ತರಾದವರು. ಕಟ್ಟಡದ ಮಕ್ಕಳಿಗೆಲ್ಲ ಐಟಿಐ ತಾತ. ಸ್ಕ್ರೂಡ್ರೈವರ್, ಮಲ್ಟಿಮೀಟರ್, ಪೇಂಟಿನ ಹಳೇ ಬ್ರಷ್ ತಂದು ಕೆಳಗೆ ಪೇಪರ್ ಹಾಸಿಕೊಂಡು ಕೂತರು. ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಒಂದು ಹಸಿರು ಬೋರ್ಡು, ಒಂದು ಹಾರ್ಡ್ ಡಿಸ್ಕ್, ಕಂಬಳಿಯಷ್ಟು ದಪ್ಪ ಧೂಳು, ಎರಡು ಒಣಗಿದ ಜಿರಲೆ ಮತ್ತು ಹಲ್ಲಿ ಮೊಟ್ಟೆಯ ಸಿಪ್ಪೆ. ಗೂಡು ಬೆಚ್ಚಗಿರುತ್ತದೆ, ಅವಕ್ಕೆ ಅದು ಬಾಣಂತಿ ಕೋಣೆ. ಡಿವಿಆರ್‌ನ ಒಳಗೆ ಏನಿದೆ ಎಂದು ನಮಗಿಂತ ಮೊದಲು ಪರಿಶೀಲಿಸಿದವು ಅವೇ.

ತಾತ ಮೊದಲು ಹಾರ್ಡ್ ಡಿಸ್ಕಿನ ಎರಡು ಕೇಬಲ್ ಕಿತ್ತು ಪವರ್ ಕೊಟ್ಟರು. ಡಿವಿಆರ್ ಒಳ್ಳೆಯ ಮಗುವಿನಂತೆ ಎದ್ದು ಕೂತಿತು. ಎಂಟು ಚೌಕ, ಲೈವ್ ಚಿತ್ರ, ಎಲ್ಲ ಮೊದಲಿನಂತೆ. ಕೇಬಲ್ ಸಿಕ್ಕಿಸಿದ ಕೂಡಲೇ ಮತ್ತೆ ಅದೇ ಟಿಕ್, ಅದೇ ಕತ್ತಲು. “ಡಿಸ್ಕ್ ಹೋಗಿದೆ” ಎಂದು ಸಭೆ ತೀರ್ಪು ಕೊಟ್ಟಿತು. ಸಾಫ್ಟ್‌ವೇರಿನವರೊಬ್ಬರು ಡೇಟಾ ರಿಕವರಿ ಅಂಗಡಿಗೆ ಫೋನು ಮಾಡಿ ದರವನ್ನೂ ಕೇಳಿದರು. ಆ ದರಕ್ಕೆ ತಾವು ಒಯ್ದಂಥ ಸೈಕಲ್ ಮೂರು ಬರುತ್ತಿತ್ತು. ತಾತ ಮಾತ್ರ, “ಡಿಸ್ಕಿಗೆ ಊಟ ಸಾಲ್ತಾ ಇಲ್ಲ, ಅಷ್ಟೇ” ಎಂದರು.

ಊಟ ಹಾಕುವುದು ಗೋಡೆಗೆ ಚುಚ್ಚಿದ ಅಡಾಪ್ಟರ್. 12 ವೋಲ್ಟ್, 2 ಆಂಪಿಯರ್ ಎಂದು ಅದರ ಮೈಮೇಲೆ ಬರೆದಿದೆ. ಕ್ಯಾಮೆರಾಗಳಿಗೆ ಬೇರೆ ಸಪ್ಲೈ ಇದೆ, ಇದು ಡಿವಿಆರ್‌ಗಷ್ಟೇ. ಬಿಡಿಯಾಗಿ ಮಲ್ಟಿಮೀಟರ್ ಹಿಡಿದರೆ 12 ತೋರಿಸಿತು. ಇಲ್ಲೇ ಎಲ್ಲರೂ ಮೋಸಹೋಗುವುದು, ಮೀಟರ್ ಹಿಡಿದೆವು, 12 ಇದೆ, ಅಡಾಪ್ಟರ್ ಸರಿಯಿದೆ ಎಂದು ಎದ್ದುಹೋಗುವುದು. ತಾತ ಡಿಸ್ಕನ್ನು ಜೋಡಿಸಿ, ಭಾರ ಬಿದ್ದಾಗ ಎಷ್ಟಿರುತ್ತದೆ ಎಂದು ಅಳೆದರು. ಟಿಕ್ ಎಂದ ಗಳಿಗೆಗೆ ಅಂಕಿ 9ರ ಆಸುಪಾಸಿಗೆ ಕುಸಿಯಿತು. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ನಿಂತಿದ್ದ ತಟ್ಟೆ ಆ ವೇಗ ಹಿಡಿಯುವ ಮೊದಲ ಕೆಲವು ಸೆಕೆಂಡು, ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಒಮ್ಮೆ ವೇಗ ಹಿಡಿಯಿತೋ, ಮುದಿ ಅಡಾಪ್ಟರೂ ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಹಾಗಾಗಿ ಈ ರೋಗ ಎಷ್ಟು ದಿನ ಬೇಕಾದರೂ ಒಳಗೇ ಇರುತ್ತದೆ, ಆಫ್ ಮಾಡಿ ಆನ್ ಮಾಡಿದ ದಿನ ಹೊರಬೀಳುತ್ತದೆ. ಅಡಾಪ್ಟರ್ ಸೀಳಿ ನೋಡಿದರೆ ಒಳಗಿನ ಕೆಪಾಸಿಟರ್ ಒಂದರ ನೆತ್ತಿ ಉಬ್ಬಿ ಅಂಚಿನಲ್ಲಿ ಕಂದು ಅಂಟು ಕಟ್ಟಿತ್ತು. ತಾತ ತಮ್ಮ ಮನೆಯ 12 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ತಂದು ಹಾಕಿದರು. (ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ವೋಲ್ಟ್ ಮಾತ್ರ ಅಷ್ಟೇ ಇರಬೇಕು, ಪ್ಲಸ್ಸು ಮೈನಸ್ಸು ಅದಲುಬದಲಾಗಬಾರದು. ತಮ್ಮ ವೃತ್ತಿಯಲ್ಲೂ ಎಂದಾದರೂ ಉಪಯೋಗಕ್ಕೆ ಬಂದೀತು.) ಡಿಸ್ಕ್ ಸೊಂಯ್ಯೆಂದು ತಿರುಗಿತು. ಎಸ್‌.ಪಿ. ರೋಡಿನಲ್ಲಿ ಐನೂರು ರೂಪಾಯಿಯೊಳಗೆ ಸಿಗುವ ಅಡಾಪ್ಟರಿಗಾಗಿ ನಮ್ಮ ಎಂಟು ಕಣ್ಣು ಕುರುಡಾಗಿದ್ದವು.

ಪೂರ್ತಿ ಕುರುಡು ಎನ್ನುವುದೂ ತಪ್ಪು. ಒಳಗೊಳಗೇ ಕ್ಷೀಣಿಸುತ್ತಿದ್ದ ಅಡಾಪ್ಟರ್ ಕೆಲವು ಸಲ ಡಿಸ್ಕನ್ನು ಎಬ್ಬಿಸುತ್ತಿತ್ತು, ಕೆಲವು ಸಲ ಎಬ್ಬಿಸಲಾಗದೆ ಕೈಬಿಡುತ್ತಿತ್ತು. ಕೈಬಿಟ್ಟಾಗ ಡಿವಿಆರ್ ಸುಮ್ಮನಿರುವುದಿಲ್ಲ, ಡಿಸ್ಕ್ ಸಿಗುತ್ತಿಲ್ಲ ಎಂದು ಕೀಂ ಕೀಂ ಎಂದು ಬಡಿದುಕೊಳ್ಳುತ್ತದೆ. ಹಿಂದೆ ಅದು ಹಾಗೆ ಬಡಿದುಕೊಂಡಿತ್ತಂತೆ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ವಾಚ್‌ಮನ್ ದೂರು ಕೊಟ್ಟರು (ರಾತ್ರಿ ಪಾಳಿಯ ವಾಚ್‌ಮನ್‌ಗೆ ನಿದ್ದೆ ಏಕೆ ಬರಬೇಕು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ). ಎಎಂಸಿ ಹುಡುಗ ಬಂದು ಮೆನುವಿನಲ್ಲಿ ಬಜರ್ ಆಫ್ ಮಾಡಿ, ಕಂಪ್ಲೇಂಟ್ ಬಗೆಹರಿದಿದೆ ಎಂದು ಸಹಿ ಪಡೆದು ಹೋದ. ಇಡೀ ಕಟ್ಟಡದಲ್ಲಿ ಸತ್ಯ ಹೇಳುತ್ತಿದ್ದುದು ಆ ಬಜರ್ ಒಂದೇ.

ಡಿಸ್ಕ್ ತಿರುಗಿತು, ಆದರೂ ತಾವು ಸಿಗಲಿಲ್ಲ. ಆ ವಾರದ ತಾರೀಖುಗಳೆಲ್ಲ ಖಾಲಿಯೇ. ಆಗ ತಾತ ಟಿವಿಯ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ, ಚೌಕಗಳ ಮೇಲ್ಗಡೆ, ಬಿಳಿ ಅಕ್ಷರದಲ್ಲಿ 01-01-2000 ಎಂದಿತ್ತು. “ಇದು ನೋಡಿರಲಿಲ್ವೇನಯ್ಯಾ?” ಎಂದರೆ ವಾಚ್‌ಮನ್, “ನೋಡ್ತಾನೇ ಇದ್ದೀನಿ ಸಾಮಿ. ಗಾಡಿಗೆ ನಂಬರ್ ಇರೋ ಹಂಗೆ ಇದಕ್ಕೂ ಒಂದು ನಂಬರ್ ಕೊಟ್ಟವ್ರೆ ಅಂದ್ಕೊಂಡಿದ್ದೆ” ಎಂದರು. ಅವರನ್ನು ನೋಡಿ ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ದಿನಾ ಹಾಲು ತರಲು ಹೋಗುವಾಗ ಆ ಟಿವಿಯ ಮುಂದೆಯೇ ಹಾಯುವ ಉಳಿದವರು ಅಷ್ಟನ್ನೂ ಅಂದುಕೊಂಡಿರಲಿಲ್ಲ.

ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032. ಕರೆಂಟ್ ಹೋದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. 3 ವೋಲ್ಟ್ ಇರಬೇಕಾದದ್ದು ಎರಡಕ್ಕೂ ಕೆಳಗಿಳಿದಿತ್ತು. ಕರೆಂಟ್ ಹೋದಾಗಲೆಲ್ಲ ಡಿವಿಆರ್ ಇದ್ದದ್ದನ್ನೆಲ್ಲ ಮರೆತು, ಮರಳಿ ಬಂದಾಗ 2000ನೇ ಇಸವಿಯ ಜನವರಿ 1ರ ಮಧ್ಯರಾತ್ರಿಯಿಂದ ಎಣಿಕೆ ಶುರುಮಾಡುತ್ತಿತ್ತು. ಇಂಟರ್‌ನೆಟ್ ಇದ್ದಿದ್ದರೆ ಅದು ಎಲ್ಲಿಂದಲೋ ಸರಿಯಾದ ಸಮಯ ಕೇಳಿಕೊಂಡು ತಿದ್ದಿಕೊಳ್ಳುತ್ತಿತ್ತು. ಆದರೆ ನೆಟ್ ಕೇಬಲನ್ನು ಸೆಕ್ರೆಟರಿ ಸಾಹೇಬರೇ ಹಿಂದೊಮ್ಮೆ ಕಿತ್ತಿದ್ದರು, ಹ್ಯಾಕರ್‌ಗಳು ಡಿವಿಆರ್ ಒಳಗೆ ನುಗ್ಗುತ್ತಾರೆ ಎಂಬ ವಾಟ್ಸ್ಆ್ಯಪ್ ಸಂದೇಶ ಓದಿ.

ಆ ಸಂದೇಶ ಸುಳ್ಳಾಗಿರಲಿಲ್ಲ ಎಂಬುದೇ ತಮಾಷೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮ್ ಪ್ರಪಂಚದಾದ್ಯಂತ ನೆಟ್‌ಗೆ ಜೋಡಿಸಿದ್ದ ಡಿವಿಆರ್, ಕ್ಯಾಮೆರಾ, ರೌಟರ್‌ಗಳನ್ನು ಹುಡುಕಿಕೊಂಡು ಹೋಗಿ ಒಳಸೇರಿತು. ಅದರ ಕೈಯಲ್ಲಿದ್ದ ಆಯುಧ ದೊಡ್ಡದೇನಲ್ಲ, ಕಾರ್ಖಾನೆಯಲ್ಲಿ ಹಾಕಿ ಕಳಿಸಿದ್ದ, ಯಾರೂ ಬದಲಾಯಿಸದ 60ಕ್ಕೂ ಹೆಚ್ಚು ಯೂಸರ್‌ನೇಮ್–ಪಾಸ್‌ವರ್ಡ್‌ಗಳ ಪಟ್ಟಿ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಪೆಟ್ಟಿಗೆಗಳೆಲ್ಲ ಒಟ್ಟಾಗಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಗಂಟೆಗಟ್ಟಲೆ ಎಡವಿದವು. ಮಿರಾಯ್ ಬರೆದ ಮೂವರು ಅಮೆರಿಕನ್ ಯುವಕರು ಮರುವರ್ಷ ತಪ್ಪೊಪ್ಪಿಕೊಂಡರು. ಯಜಮಾನನ ಸೈಕಲ್ ಕಾಯಲಾಗದ ಪೆಟ್ಟಿಗೆಗಳು ಅಷ್ಟು ದೊಡ್ಡ ಪರಾಕ್ರಮ ತೋರಿಸಿದ್ದವು! ನಮ್ಮ ಡಿವಿಆರ್‌ನ ಪಾಸ್‌ವರ್ಡ್ ಇವತ್ತಿಗೂ ಅದರ ತಳದ ಸ್ಟಿಕ್ಕರಿನ ಮೇಲಿರುವುದೇ. ಅದನ್ನು ಬದಲಾಯಿಸಿದ್ದರೆ ಬಹುಮಟ್ಟಿಗೆ ಸಾಕಿತ್ತು, ಕೇಬಲ್ ಕೀಳಬೇಕಿರಲಿಲ್ಲ. ಕೀಳುವುದು ಸುಲಭ, ಬದಲಾಯಿಸಿದರೆ ನೆನಪಿಟ್ಟುಕೊಳ್ಳಬೇಕು.

ಈಗ ತಮ್ಮ ವಿಷಯ. 2000ದ ಜನವರಿ 1ನ್ನು ಆರಿಸಿದಾಗ ಅಲ್ಲಿತ್ತು ನೋಡಿ ನಮ್ಮೆಲ್ಲರ ಬದುಕು! ಒಂದರ ಮೇಲೊಂದು ಹತ್ತಾರು ಜನವರಿ ಒಂದುಗಳು. ಯಾರದೋ ಗೃಹಪ್ರವೇಶ, ಯಾರದೋ ಸಿಲಿಂಡರ್, ಗೌರಿ ಹಬ್ಬದ ಬಾಗಿನ ಹಿಡಿದು ಹೋಗುವವರು, ಎಲ್ಲ ಒಂದೇ ದಿನ. ಪಾರ್ಕಿಂಗಿನ 3ನೇ ಕ್ಯಾಮೆರಾ ತೆಗೆದ ಬಹುಪಾಲು ಚಿತ್ರ ಮಾತ್ರ ಒಂದು ಜೇಡನದು. ಡಿಸ್ಕ್ ಬೇಗ ತುಂಬಬಾರದೆಂದು ರೆಕಾರ್ಡಿಂಗನ್ನು ಏನಾದರೂ ಅಲುಗಾಡಿದಾಗ ಮಾತ್ರ ಎಂದು ಇಟ್ಟಿದ್ದರು. ಕ್ಯಾಮೆರಾದ ಸುತ್ತಲಿನ ಇನ್‌ಫ್ರಾರೆಡ್ ದೀಪಗಳ ಬಳಿ ರಾತ್ರಿ ಹುಳ ಸುಳಿಯುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಗಾಳಿಗೆ ಬಲೆ ಅಲುಗಿದರೆ ಡಿವಿಆರ್ ಪಾಲಿಗೆ ಅದೇ ಕಳ್ಳತನ. ಬೆಳ್ಳಗೆ, ಅಂಗೈಯಗಲಕ್ಕೆ ಕಾಣುತ್ತ, ಮುಂಗಾಲೆತ್ತಿ ನೂಲು ಜಗ್ಗುವ ಆ ಜೇಡನನ್ನು ಸಭೆ ಎಷ್ಟೋ ಹೊತ್ತು ನೋಡಿತು.

ಕೊನೆಗೆ, ಡಿವಿಆರ್‌ನ ಗಡಿಯಾರದಲ್ಲಿ 03:12 ಆದಾಗ, ಬಲೆಯ ಹಿಂದಿನಿಂದ ತಾವು ಬಂದಿರಿ. ತಲೆಗೆ ಟೋಪಿ, ಕಾಲಿಗೆ ಹವಾಯಿ ಚಪ್ಪಲಿ. ಒಂದೊಂದೇ ಸೈಕಲ್ಲಿನ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡಿದಿರಿ. ಗಾಳಿಯಿಲ್ಲದ್ದನ್ನು ಹಾಗೇ ಬಿಟ್ಟಿರಿ. ಐದನೆಯದರ ಬಳಿ ಬ್ರೇಕ್ ಹಿಡಿದು ಮುಂದೆ ಹಿಂದೆ ತಳ್ಳಿ, ಸೀಟಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದಿರಿ. ಬೀಗ ಇರಲಿಲ್ಲ. ಕ್ಯಾಮೆರಾಗಳಿದ್ದವಲ್ಲ, ಬೀಗ ಯಾಕೆ? ಹೊರಡುವಾಗ ಕತ್ತೆತ್ತಿ ನೇರ ಲೆನ್ಸನ್ನೇ ನೋಡಿದಿರಿ. ಸಭೆ ಉಸಿರು ಹಿಡಿಯಿತು. ಆದರೆ ಹತ್ತಿರದ ಮುಖಕ್ಕೆ ಇನ್‌ಫ್ರಾರೆಡ್ ಬೆಳಕು ನೇರ ಬಡಿದರೆ ಕಣ್ಣು, ಮೂಗು, ಬಾಯಿ ಒಂದಾಗಿ ಬಿಳಿ ದೋಸೆಯಷ್ಟೇ ಉಳಿಯುತ್ತದೆ. ಒಳ್ಳೆಯ ಮುಗುಳ್ನಗೆ ಇದ್ದಿರಬಹುದು. ನಮಗೆ ಕಾಣಲಿಲ್ಲ.

ತಾವು ನಮ್ಮ ಡಿಸ್ಕಿನಲ್ಲಿ ಇನ್ನೂ ಇರುವುದಕ್ಕೆ ಕಾರಣ ಅದು ಕೆಟ್ಟಿದ್ದೇ. 1 ಟಿಬಿ ಡಿಸ್ಕ್ ಮಾರುವಾಗ ಒಂದು ತಿಂಗಳ ರೆಕಾರ್ಡಿಂಗ್ ಎಂದಿದ್ದರು. ಎಂಟು ಕ್ಯಾಮೆರಾ, ಒಂದೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೂ ದಿನಕ್ಕೆ 170 ಗಿಗಾಬೈಟ್ ದಾಟುತ್ತದೆ. ಬಿಡದೆ ಬರೆದರೆ ಆರನೇ ದಿನದೊಳಗೆ ತುಂಬಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯತೊಡಗುತ್ತದೆ. ನಮ್ಮಲ್ಲಿ ಸಭೆ ಕರೆದು, ಕೋರಂ ಕೂಡಿ, ಎಎಂಸಿಯವರ ಫೋನು ಸಿಕ್ಕಿ, ತಾತನಿಗೆ ಬಿಡುವಾಗುವಷ್ಟರಲ್ಲಿ ಆರು ದಿನ ಯಾವ ಲೆಕ್ಕ? ಆರೋಗ್ಯವಾಗಿದ್ದ ಡಿವಿಆರ್ ಆಗಿದ್ದರೆ ತಮ್ಮ ಮೇಲೆ ಅಷ್ಟರಲ್ಲಿ ಜೇಡ ಕೂತಿರುತ್ತಿತ್ತು.

ಹಾಗೆಂದು ನಮ್ಮೊಬ್ಬರನ್ನೇ ನೋಡಿ ನಗಬೇಡಿ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಮಾಲು, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿದಿರಬೇಕು ಎಂದು ಕರ್ನಾಟಕದಲ್ಲಿ 2017ರಿಂದ ಕಾಯ್ದೆಯೇ ಇದೆ. ಆ ಡಿವಿಆರ್‌ಗಳ ಮುಚ್ಚಳ ಎಷ್ಟು ಜನ ತೆಗೆದು ನೋಡಿದ್ದಾರೋ. ಪೊಲೀಸ್ ಠಾಣೆಗಳ ಮಾತಂತೂ ಸುಪ್ರೀಂ ಕೋರ್ಟಿಗೇ ಹೋಗಿದೆ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಲಿ, ದೃಶ್ಯವನ್ನು 18 ತಿಂಗಳು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಿ ಎಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಆದೇಶವಾಯಿತು. ಐದು ವರ್ಷ ತುಂಬುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳೇ ಇಲ್ಲವೆಂಬ ವಿಷಯವನ್ನು ಅದೇ ಕೋರ್ಟು ತಾನಾಗಿ ಕೈಗೆತ್ತಿಕೊಳ್ಳಬೇಕಾಯಿತು. ಅಲ್ಲಿಯೂ ಟಿವಿಯಲ್ಲಿ ಚಿತ್ರ ಬರುತ್ತಿತ್ತೇನೋ.

ಇನ್ನು ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ವಿಡಿಯೊ ಪೆನ್‌ಡ್ರೈವಿಗೆ ಹಾಕಿ ದೂರಿನ ಜೊತೆ ಕೊಡೋಣವೆಂದರೆ, ಠಾಣೆಯಿಂದ ಬಂದ ಪೇದೆ ಒಂದು ನಮೂನೆ ಕೈಗಿಟ್ಟರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ. ಯಂತ್ರದ ಉಸ್ತುವಾರಿ ಹೊತ್ತವರು ಒಂದು ಭಾಗ, ಪರಿಣತರು ಇನ್ನೊಂದು ಭಾಗ ಬರೆದು ಸಹಿ ಹಾಕಬೇಕು, ಫೈಲಿನ ಹ್ಯಾಶ್ ಎಂಬ ಉದ್ದದ ಅಂಕಿಯನ್ನೂ ನಮೂದಿಸಬೇಕು. ಅದೆಲ್ಲ ಆಗುವ ಕೆಲಸ. ಆದರೆ ಆ ಅವಧಿಯಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಮಾಡದಿದ್ದರೂ ಅದರಿಂದ ದಾಖಲೆಯ ಖಚಿತತೆಗೆ ಧಕ್ಕೆಯಾಗಿಲ್ಲ ಎಂದೂ ಹೇಳಬೇಕು. ಸೆಕ್ರೆಟರಿ ಸಾಹೇಬರು ಪೆನ್ನು ತೆಗೆದವರು ಮತ್ತೆ ಕ್ಯಾಪು ಹಾಕಿ, “ಸಹಿ ಖಜಾಂಚಿಗಳದ್ದಿರಲಿ” ಎಂದರು. ಖಜಾಂಚಿಗಳಿಗೆ ತುರ್ತಾಗಿ ಊರಿನಲ್ಲಿ ಕೆಲಸ ಬಿತ್ತು. ಡಿವಿಆರ್‌ನ ಪ್ರಕಾರ 2000ದಲ್ಲಿ ಕಳುವಾದ ಸೈಕಲ್ಲಿಗೆ ಕಳೆದ ವರ್ಷದ ಬಿಲ್ಲಿದೆ. ಸೈಕಲ್ಲಿನ ಮಾಲೀಕನೇ ಆಗ ಹುಟ್ಟಿರಲಿಲ್ಲ.

ಗಡಿಯಾರ ಒಂದೇ ಹದಕ್ಕೆ ಹಿಂದೆ ಬಿದ್ದಿದ್ದರೆ ವ್ಯತ್ಯಾಸ ಲೆಕ್ಕ ಹಾಕಿ ಮಹಜರಿನಲ್ಲಿ ಬರೆದುಕೊಳ್ಳುತ್ತಾರಂತೆ. ನಮ್ಮದು ಕರೆಂಟ್ ಹೋದಾಗ ಒಮ್ಮೆ, ಜನರೇಟರಿನಿಂದ ಲೈನಿಗೆ ಬಂದಾಗ ಒಮ್ಮೆ, ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಐಟಿಐ ತಾತ ಸೋಲಲಿಲ್ಲ. ಡೀಸೆಲ್ ಲೆಕ್ಕಕ್ಕೆಂದು ವಾಚ್‌ಮನ್ ಬರೆದಿಡುವ ಜನರೇಟರ್ ಪುಸ್ತಕ ತರಿಸಿದರು. ಅದರ ಅಕ್ಷರ ಬ್ರಹ್ಮನೂ ಓದಲಾರ, ಆದರೆ ಒಂದು ದಿನವೂ ತಪ್ಪಿಲ್ಲ. ಆ ವಾರ ರಾತ್ರಿ ಕರೆಂಟ್ ಹೋದದ್ದು ಎರಡು ಸಲ. ಮಂಗಳವಾರ 10:05ಕ್ಕೆ ಜನರೇಟರ್ ನಿಂತಿದೆ, ಗುರುವಾರ 11:20ಕ್ಕೆ. ಎರಡಕ್ಕೂ 3 ಗಂಟೆ 12 ನಿಮಿಷ ಕೂಡಿಸಿ. ತಾವು ಬಂದದ್ದು ಒಂದೋ ಮಂಗಳವಾರ ಕಳೆದ ರಾತ್ರಿ 1:17ಕ್ಕೆ, ಇಲ್ಲವೇ ಗುರುವಾರ ಕಳೆದ ರಾತ್ರಿ 2:32ಕ್ಕೆ. ಇಲ್ಲಿಂದ ಮುಂದಕ್ಕೆ ಲೆಕ್ಕ ಓಡುತ್ತಿಲ್ಲ. ಎಂಟು ಕ್ಯಾಮೆರಾ, ಒಂದು ಕಾಯ್ದೆ, ಒಬ್ಬ ನಿವೃತ್ತ ತಂತ್ರಜ್ಞರು ಸೇರಿಯೂ ಹೇಳಲಾಗದ್ದನ್ನು ಹೇಳಬಲ್ಲವರು ತಾವೊಬ್ಬರೇ.

ಆದ್ದರಿಂದ ವಿನಂತಿ. ಮಂಗಳವಾರವೋ, ಗುರುವಾರವೋ, ಒಂದು ಚೀಟಿಯಲ್ಲಿ ಬರೆದು, ಗೇಟಿನ ಪಕ್ಕದ ಲೆಟರ್ ಬಾಕ್ಸಿಗೆ ಹಾಕಿ ಹೋಗಿ. ಹೆಸರು ಬೇಡ. ಬಾಕ್ಸಿನ ಕಡೆ ತಿರುಗಿರುವ 5ನೇ ಕ್ಯಾಮೆರಾದ ಬಗ್ಗೆ ಚಿಂತೆಯೂ ಬೇಡ. ಮಳೆ ನೀರಿಗೆ ಅದರ ಕೇಬಲಿನ ಬಿಎನ್‌ಸಿ ಪಿನ್ನು ತುಕ್ಕು ಹಿಡಿದು ಎರಡು ಮಳೆಗಾಲ ಕಳೆಯಿತು. ಚೌಕದಲ್ಲಿ ‘ವಿಡಿಯೊ ಲಾಸ್’ ಎಂದಷ್ಟೇ ಬರುತ್ತದೆ. ಅದನ್ನು ಬದಲಾಯಿಸುವ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ, ಗೇಟಿಗೆ ಇನ್ನೂ ದೊಡ್ಡ ಫಲಕ ಹಾಕಿಸುವುದರ ಕೆಳಗೆ.

ಇತಿ ತಮ್ಮ ನಿರೀಕ್ಷೆಯಲ್ಲಿರುವ,
ನಿವಾಸಿಗಳ ಪರವಾಗಿ ಒಬ್ಬ